ಹೆಸರು ಮರೆತಾಗ ಕಾಣುವ ಮರ

ಒಂದು ಫೋಟೋ ತೋರಿಸಿದ ಕೂಡಲೇ ನಮ್ಮ ಬಾಯಿಗೆ ಬರುವ ಮೊದಲ ಪ್ರಶ್ನೆ 'ಇದು ಏನು?' ಹಕ್ಕಿಯಾದರೆ ಯಾವ ಹಕ್ಕಿ, ಹೂವಾದರೆ ಯಾವ ಹೂವು. ಹೆಸರು ಗೊತ್ತಾದರೆ ಸಮಾಧಾನ. ಅಲ್ಲಿಗೆ ನೋಡುವುದೂ ಮುಗಿಯುತ್ತದೆ, ಕಣ್ಣು ಮುಂದಿನ ಫೋಟೋಗೆ ಹೋಗುತ್ತದೆ.

ನಿಸರ್ಗದ ಅಮೂರ್ತ ಫೋಟೋಗ್ರಫಿ ಈ ಹೆಸರನ್ನು ತಡವಾಗಿ ಕೊಡುತ್ತದೆ. ಕೆಲವೊಮ್ಮೆ ಕೊಡುವುದೇ ಇಲ್ಲ. ಆಗ ಕಣ್ಣು ಬೇರೆ ದಾರಿಯಿಲ್ಲದೆ ಚಿತ್ರದೊಳಗೆ ಅಲೆಯತೊಡಗುತ್ತದೆ. ಈ ಗೆರೆ ಎತ್ತ ಹೋಗುತ್ತಿದೆ, ಈ ಹಸಿರು ಎಲ್ಲಿ ಕಪ್ಪಾಗುತ್ತಿದೆ, ಇಲ್ಲಿ ಒರಟಾಗಿದ್ದದ್ದು ಅಲ್ಲಿ ಯಾಕೆ ನುಣುಪಾಗಿದೆ ಎಂದು ಹುಡುಕುತ್ತದೆ. ಮರವೊಂದನ್ನು 'ಮರ' ಅಂದುಕೊಳ್ಳದೆ ಅರ್ಧ ನಿಮಿಷ ನೋಡುವುದು ಎಷ್ಟು ಕಷ್ಟ ಅಂತ ಒಮ್ಮೆ ಪ್ರಯತ್ನಿಸಿ ನೋಡಿ. ಕ್ಯಾಮೆರಾ ಆ ಕೆಲಸವನ್ನು ನಮಗಾಗಿ ಮಾಡಿಕೊಡಬಲ್ಲದು.

'ಅಲುಗಾಡಿಸಿ ತೆಗೆದು ಅಬ್‌ಸ್ಟ್ರಾಕ್ಟ್ ಅಂದುಬಿಟ್ಟರಾಯ್ತು, ಅಲ್ವಾ?' ಎಂದು ಕೇಳುವವರಿದ್ದಾರೆ. ಆ ಅನುಮಾನ ಸಹಜವೇ. ಅದಕ್ಕೆ ನನ್ನ ಉತ್ತರ ಇಷ್ಟು. ಚಿತ್ರ ಬರೆಯುವವರು ಖಾಲಿ ಹಾಳೆಯ ಮೇಲೆ ಒಂದೊಂದನ್ನೇ ಸೇರಿಸುತ್ತಾ ಹೋಗುತ್ತಾರೆ. ಕ್ಯಾಮೆರಾ ಹಿಡಿದವರ ಕೆಲಸ ಇದಕ್ಕೆ ಉಲ್ಟಾ. ಎದುರಿಗೆ ಎಲ್ಲವೂ ಆಗಲೇ ಇದೆ, ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ. ಅದರಲ್ಲಿ ಏನನ್ನು ತೆಗೆದುಹಾಕಬೇಕು ಅನ್ನುವುದೇ ಇಲ್ಲಿನ ಪ್ರಶ್ನೆ. ದಿಗಂತ ತೆಗೆಯಬಹುದು. ಗಾತ್ರದ ಅಂದಾಜು ತೆಗೆಯಬಹುದು. ಅಂಚುಗಳನ್ನು ಕರಗಿಸಬಹುದು. ನಿಂತ ಕ್ಷಣವನ್ನು ಉದ್ದಕ್ಕೆ ಎಳೆಯಬಹುದು. ಪ್ರಯೋಗ ಅಂತ ನಾವು ಕರೆಯುವ ಹೆಚ್ಚಿನ ತಂತ್ರಗಳು ಇವುಗಳಲ್ಲಿ ಯಾವುದಾದರೂ ಒಂದನ್ನು ತೆಗೆಯುವ ದಾರಿಗಳು. ಯಾವುದನ್ನು ತೆಗೆಯುತ್ತಿದ್ದೇನೆ ಅಂತ ಗೊತ್ತಿದ್ದರೆ ಅದು ಪ್ರಯೋಗ. ಗೊತ್ತಿಲ್ಲದಿದ್ದರೆ ಸುಮ್ನೆ ಅಲುಗಾಡಿದ ಫೋಟೋ.

ಇದು ಹೊಸ ಹುಚ್ಚಲ್ಲ

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಶುರುವಾದ ಚಟ ಇದು ಅಂತ ಅನಿಸಬಹುದು. ಆದರೆ ಫೋಟೋಗ್ರಫಿ ಹುಟ್ಟಿದ ಕಾಲದಿಂದಲೂ ಇದು ಜೊತೆಗೇ ಬಂದಿದೆ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಸಯನೋಟೈಪ್ ವಿಧಾನ ಕಂಡುಹಿಡಿದರು. ಕಬ್ಬಿಣದ ಲವಣ ಬಳಿದ ಕಾಗದವನ್ನು ಬಿಸಿಲಿಗೆ ಒಡ್ಡಿ ನೀರಲ್ಲಿ ತೊಳೆದರೆ ಕಡು ನೀಲಿ ಚಿತ್ರ ಮೂಡುತ್ತದೆ. ಮರುವರ್ಷವೇ, 1843ರಲ್ಲಿ, ಅನ್ನಾ ಅಟ್ಕಿನ್ಸ್ ಎಂಬ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞೆ ಕಡಲಿನ ಪಾಚಿಗಳನ್ನು ನೇರ ಕಾಗದದ ಮೇಲಿಟ್ಟು ಅಚ್ಚು ತೆಗೆಯತೊಡಗಿದರು. ಅವರ ಉದ್ದೇಶ ವಿಜ್ಞಾನ, ಪಾಚಿಗಳ ಗುರುತು ದಾಖಲಿಸುವುದು. ಆದರೆ ಆ ಹಾಳೆಗಳನ್ನು ಇವತ್ತು ನೋಡಿದರೆ ನೀಲಿಯ ಮೇಲೆ ತೇಲುವ ಬಿಳಿ ಹೊಗೆಯಂತಿವೆ. ಲೆನ್ಸೂ ಇಲ್ಲ, ಕ್ಯಾಮೆರಾವೂ ಇಲ್ಲ.

ನಂತರ ಬಂದವರಲ್ಲಿ ನನಗೆ ತುಂಬಾ ಮುಖ್ಯ ಅನಿಸುವವರು ಅಮೆರಿಕದ ಫೋಟೋಗ್ರಾಫರ್ ಆಲ್ಫ್ರೆಡ್ ಸ್ಟಿಗ್ಲಿಟ್ಸ್. 1922ರಲ್ಲಿ ಅವರು ಮೋಡಗಳ ಫೋಟೋ ತೆಗೆಯಲು ಶುರುಮಾಡಿದರು. ಬರೀ ಮೋಡ. ಹೆಚ್ಚಿನ ಚಿತ್ರಗಳಲ್ಲಿ ನೆಲವೇ ಇಲ್ಲ. ಮುಂದೆ ಇವಕ್ಕೆ 'ಈಕ್ವಿವಲೆಂಟ್ಸ್' ಎಂದು ಹೆಸರಿಟ್ಟರು. ತನ್ನೊಳಗಿನ ಭಾವಕ್ಕೆ ಸರಿಸಾಟಿಯಾದ ಆಕಾರ ಅನ್ನುವ ಅರ್ಥದಲ್ಲಿ. ಅಂಗೈ ಅಗಲದ ಪುಟ್ಟ ಪ್ರಿಂಟ್‌ಗಳು ಅವು. ನೆಲ ಕಾಣದಿದ್ದಾಗ ಏನಾಗುತ್ತದೆ ಗಮನಿಸಿ. ಮೇಲು ಯಾವುದು, ಕೆಳಗು ಯಾವುದು ತಿಳಿಯುವುದಿಲ್ಲ. ದೂರ ಎಷ್ಟು ಅಂತ ಗೊತ್ತಾಗುವುದಿಲ್ಲ. ಮೋಡ ಮೋಡವಾಗಿ ಉಳಿಯದೆ ಬರೀ ಬೆಳಕು, ಕತ್ತಲೆಯ ಓಟವಾಗುತ್ತದೆ. ಒಂದೇ ಒಂದು ವಸ್ತುವನ್ನು, ದಿಗಂತವನ್ನು, ಚೌಕಟ್ಟಿನಿಂದ ಹೊರಗಿಟ್ಟಿದ್ದಕ್ಕೆ ಇಷ್ಟೆಲ್ಲ.

ಜಪಾನಿನ ಫೋಟೋಗ್ರಾಫರ್ ಹಿರೋಶಿ ಸುಗಿಮೊಟೊ 1980ರಿಂದ ಇದಕ್ಕೆ ವಿರುದ್ಧವಾದದ್ದನ್ನು ಮಾಡುತ್ತಾ ಬಂದಿದ್ದಾರೆ. ಬೇರೆ ಬೇರೆ ಸಮುದ್ರಗಳ ಕಪ್ಪುಬಿಳುಪು ಚಿತ್ರಗಳು. ಅರ್ಧ ನೀರು, ಅರ್ಧ ಆಕಾಶ. ಅಲ್ಲಿ ದಿಗಂತ ಬಿಟ್ಟು ಬೇರೇನೂ ಇಲ್ಲ. ದೋಣಿಯಿಲ್ಲ, ದಡವಿಲ್ಲ, ಹಕ್ಕಿಯಿಲ್ಲ. ಎರಡು ಹಾದಿ ಎದುರುಬದುರಾಗಿದ್ದರೂ ತಲುಪುವ ಜಾಗ ಹತ್ತಿರವೇ ಇದೆ ಅಂತ ನನಗನಿಸುತ್ತದೆ.

ಹತ್ತಿರ ಹೋದಷ್ಟೂ ಗುರುತು ಸಿಗುವುದಿಲ್ಲ

ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಗಿಡದ ಚಿಗುರು, ಕಾಂಡ, ಬೀಜದ ಕೋಶಗಳನ್ನು ಹಲವು ಪಟ್ಟು ಹಿಗ್ಗಿಸಿ ತೆಗೆದರು. 1928ರಲ್ಲಿ ಅವರ ಪುಸ್ತಕ ಬಂದಾಗ ಜನ ಬೆರಗಾದರು. ಜರಿಗಿಡದ ಎಳೆ ಸುರುಳಿ ಕಬ್ಬಿಣದ ಕುಸುರಿ ಕೆಲಸದಂತೆ, ಸಣ್ಣ ಕಾಂಡವೊಂದು ಗೋಪುರದಂತೆ ಕಾಣುತ್ತಿತ್ತು. ಅವರು ಮಾಡಿದ್ದು ಎರಡೇ ಕೆಲಸ. ಹಿನ್ನೆಲೆಯನ್ನು ಖಾಲಿ ಬಿಟ್ಟರು, ಅಳತೆಯ ಸುಳಿವು ಕೊಡಲಿಲ್ಲ. ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್ 1930ರಲ್ಲಿ ದೊಣ್ಣೆ ಮೆಣಸಿನಕಾಯಿಯೊಂದನ್ನು ತವರದ ಆಲಿಕೆಯೊಳಗಿಟ್ಟು ತೆಗೆದ ಫೋಟೋ ಇನ್ನೂ ಹೆಸರುವಾಸಿ. ಆಲಿಕೆಯ ಬಾಗಿದ ಗೋಡೆ ಬೆಳಕನ್ನು ಸುತ್ತಲಿಂದ ಹಾಯಿಸಿತು. ಕಾಯಿ, ಬಾಗಿ ಕುಳಿತ ದೇಹದ ಹಾಗೆ ಕಾಣತೊಡಗಿತು. ಅಲ್ಲಿ ಯಾವುದೂ ಮಸುಕಾಗಿಲ್ಲ. ಪ್ರತಿ ಮಡಿಕೆಯೂ ಚೂಪಾಗಿದೆ. ಅಮೂರ್ತ ಅಂದರೆ ಮಸುಕು ಅಂತಲೇ ತಿಳಿದವರು ಈ ಚಿತ್ರವನ್ನೊಮ್ಮೆ ನೋಡಬೇಕು.

ಮನೆಯಲ್ಲೇ ಮಾಡಿ ನೋಡಬಹುದಾದದ್ದು ಹೇಳುತ್ತೇನೆ. ಒಂದು ಹಣ್ಣೆಲೆ ತೆಗೆದುಕೊಳ್ಳಿ. ಕಿಟಕಿಯ ಬೆಳಕಿಗೆ ಅಡ್ಡ ಹಿಡಿಯಿರಿ, ಬೆಳಕು ಎಲೆಯ ಹಿಂದಿನಿಂದ ಬರಲಿ. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಇಲ್ಲದಿದ್ದರೆ ಫೋನಿನ ಮ್ಯಾಕ್ರೋ ಸಾಕು. ಎಲೆಯ ಅಂಚು ಚೌಕಟ್ಟಿನೊಳಗೆ ಬಾರದಷ್ಟು ಹತ್ತಿರ ಹೋಗಿ. ಅಂಚು ಹೋದ ತಕ್ಷಣ ಎಲೆಯೂ ಹೋಗುತ್ತದೆ. ದಪ್ಪ ನರದಿಂದ ಸಣ್ಣ ನರ, ಅದರಿಂದ ಇನ್ನೂ ಸಣ್ಣದು ಕವಲೊಡೆದು, ನಡುವೆ ಚಿಕ್ಕ ಚಿಕ್ಕ ಕೋಣೆಗಳಾಗಿರುತ್ತವೆ. ಹಸಿರು ಹೋಗುತ್ತಿರುವ ಕಡೆ ಹಳದಿ, ಒಣಗಿದ ಕಡೆ ಕಂದು, ಹುಳು ತಿಂದ ತೂತಿನಲ್ಲಿ ಬೆಳ್ಳಗಿನ ಬೆಳಕು. ವಿಮಾನದಿಂದ ಕೆಳಗೆ ನೋಡಿದಾಗ ಕಾಣುವ ನದಿ, ಹೊಲಗಳಂತೆಯೇ ಇರುತ್ತದೆ. ಈ ಹೋಲಿಕೆ ಸುಮ್ನೆ ಬಂದದ್ದಲ್ಲ. ನೀರು ಒಂದು ಕಡೆಯಿಂದ ಎಲ್ಲೆಡೆಗೆ ಹಂಚಿಕೆಯಾಗಬೇಕಾದಾಗಲೂ, ಎಲ್ಲೆಡೆಯಿಂದ ಒಂದು ಕಡೆ ಸೇರಬೇಕಾದಾಗಲೂ ಕವಲು ಒಡೆಯುವುದು ಒಳ್ಳೆಯ ದಾರಿ. ಎಲೆಯೂ ನದಿಯೂ ಅದನ್ನೇ ಹಿಡಿದಿವೆ.

ಒಂದು ಎಚ್ಚರ. ಇಷ್ಟು ಹತ್ತಿರದಲ್ಲಿ ಫೋಕಸ್ ಆಗುವ ಪದರ ತೀರಾ ತೆಳು, ಕೂದಲೆಳೆಯಷ್ಟು ಅಂದರೂ ತಪ್ಪಿಲ್ಲ. ಎಲೆ ಪೂರ್ತಿ ಚೂಪಾಗಿ ಬೇಕಿದ್ದರೆ ಕ್ಯಾಮೆರಾದೊಳಗೆ ಬೆಳಕನ್ನು ದಾಖಲಿಸುವ ಫಲಕಕ್ಕೆ, ಅಂದರೆ ಸೆನ್ಸರ್‌ಗೆ, ಸಮಾನಾಂತರವಾಗಿ ಹಿಡಿಯಬೇಕು. ಬೇಡವಾದರೆ ಓರೆಯಾಗಿ ಹಿಡಿದು ಒಂದೇ ನರವನ್ನು ಚೂಪಾಗಿಸಿ ಉಳಿದದ್ದನ್ನು ಬಣ್ಣದ ಮಂಜಾಗಲು ಬಿಡಿ. ಎರಡೂ ಚೆನ್ನ. ಎರಡರ ನಡುವಿನದು ಮಾತ್ರ ತಪ್ಪಿನಂತೆ ಕಾಣುತ್ತದೆ.

ಕ್ಯಾಮೆರಾವನ್ನೇ ಕುಂಚ ಮಾಡಿಕೊಳ್ಳುವುದು

ಈಗ ಜನ ಹೆಚ್ಚು ಮಾಡುತ್ತಿರುವ, ಹೆಚ್ಚು ಕೆಡಿಸುತ್ತಿರುವ ತಂತ್ರಕ್ಕೆ ಬರೋಣ. ಬೆಳಕನ್ನು ಒಳಗೆ ಬಿಡುವ ಬಾಗಿಲು, ಅಂದರೆ ಶಟರ್, ತೆರೆದಿರುವಾಗ ಬೇಕೆಂದೇ ಕ್ಯಾಮೆರಾವನ್ನು ಅಲುಗಿಸುವುದು. ಇಂಟೆನ್ಶನಲ್ ಕ್ಯಾಮೆರಾ ಮೂವ್‌ಮೆಂಟ್ ಅನ್ನುವುದನ್ನು ಫೋಟೋಗ್ರಾಫರ್‌ಗಳು ಚಿಕ್ಕದಾಗಿ 'ಐಸಿಎಂ' ಅನ್ನುತ್ತಾರೆ.

ನೇರವಾಗಿ ಬೆಳೆದ ಮರಗಳ ಸಾಲನ್ನು ಎದುರಿಗಿಟ್ಟುಕೊಳ್ಳಿ. ಬೆಳಗಿನ ನೆರಳು, ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ಎಫ್ 16. ಶಟರ್ ಸುಮಾರು 1/4 ಸೆಕೆಂಡಿಗೆ ಬರುತ್ತದೆ. ಕ್ಯಾಮೆರಾವನ್ನು ಮೇಲಿಂದ ಕೆಳಕ್ಕೆ ಇಳಿಸುತ್ತಾ ಬಟನ್ ಒತ್ತಿ. ಕಾಂಡಗಳು ಉದ್ದುದ್ದ ಪಟ್ಟೆಗಳಾಗಿ ಉಳಿಯುತ್ತವೆ. ಕೊಂಬೆ, ಎಲೆ, ಪೊದೆ ಎಲ್ಲ ಕರಗಿ ಹಸಿರಾಗುತ್ತವೆ. ಈಗ ಅದೇ ಜಾಗದಲ್ಲಿ ಎಡದಿಂದ ಬಲಕ್ಕೆ ತಿರುಗಿಸಿ ತೆಗೆಯಿರಿ. ಕಾಂಡಗಳೇ ಮಾಯ, ಬರೀ ಅಡ್ಡ ಪಟ್ಟಿಗಳು.

ಯಾಕೆ ಹೀಗೆ? ಕೈ ಚಲಿಸುವ ದಿಕ್ಕಿಗೆ ಸಮನಾಗಿ ಓಡುವ ಗೆರೆ ತನ್ನ ಮೇಲೆ ತಾನೇ ಜಾರುತ್ತದೆ, ಆದ್ದರಿಂದ ಉಳಿಯುತ್ತದೆ. ಅಡ್ಡವಾಗಿರುವ ಗೆರೆ ಹರಡಿಹೋಗುತ್ತದೆ. ಇಡೀ ತಂತ್ರದ ಬೀಗದ ಕೈ ಇದೇ. ಯಾವ ಗೆರೆ ಉಳಿಯಬೇಕು ಅಂತ ಮೊದಲು ನೋಡಿ, ಆ ದಿಕ್ಕಿಗೆ ಕೈ ಓಡಿಸಿ. ಮರಕ್ಕೆ ಮೇಲೆ ಕೆಳಗೆ, ಸಮುದ್ರಕ್ಕೆ ಅಕ್ಕಪಕ್ಕ, ಓರೆಯಾಗಿ ಬಾಗಿದ ಹುಲ್ಲಿಗೆ ಓರೆಯಾಗಿ. ಸುಮ್ನೆ ಎತ್ತೆತ್ತಲೋ ಬೀಸಿದರೆ ಎಲ್ಲ ಗೆರೆಗಳೂ ಕರಗುತ್ತವೆ, ಚಿತ್ರಕ್ಕೆ ಬೆನ್ನೆಲುಬು ಉಳಿಯುವುದಿಲ್ಲ.

ಇನ್ನೊಂದು ಮಾತು ಮೊದಮೊದಲು ನನಗೆ ಹೊಳೆದಿರಲಿಲ್ಲ. ಸೆನ್ಸರ್ ಮೇಲೆ ಬೆಳಕು ಮಾತ್ರ ಬರೆಯುತ್ತದೆ, ಕತ್ತಲೆ ಬರೆಯುವುದಿಲ್ಲ. ಎಲೆಗಳ ಸಂದಿಯಲ್ಲಿ ಕಾಣುವ ಬಿಳಿ ಆಕಾಶದ ಒಂದು ಚುಕ್ಕೆ, ಕೈ ಚಲಿಸಿದಾಗ ಉದ್ದನೆಯ ಬಿಳಿ ಗೀರಾಗಿ ತನ್ನ ದಾರಿಯಲ್ಲಿರುವ ಕಪ್ಪನ್ನೆಲ್ಲ ತಿಂದುಹಾಕುತ್ತದೆ. ಅದಕ್ಕೇ ಮರಗಳ ಐಸಿಎಂ ಚಿತ್ರ ಮಾಡುವಾಗ ಆಕಾಶ ಕಾಣದ ಜಾಗ ಹುಡುಕಬೇಕು. ಹಿಂದೆ ಗುಡ್ಡವೋ ದಟ್ಟ ಹಸಿರೋ ಇದ್ದರೆ ಬಣ್ಣ ತುಂಬಿಕೊಳ್ಳುತ್ತದೆ. ಮಂಜು ಇದ್ದ ದಿನವಂತೂ ಬೆಳಕು, ಕಪ್ಪುಗಳ ಅಂತರ ತಾನಾಗಿ ಕಡಿಮೆಯಾಗಿ ಕೆಲಸ ಹಗುರವಾಗುತ್ತದೆ.

ಶಟರ್ ಎಷ್ಟು ಹೊತ್ತು ತೆರೆದಿರಬೇಕು? 1/15 ಸೆಕೆಂಡಿನಲ್ಲಿ ಮರ ಇನ್ನೂ ಮರವೇ, ಸ್ವಲ್ಪ ನಡುಗಿದಂತೆ. 1/4ರಿಂದ 1/2 ಸೆಕೆಂಡಿನಲ್ಲಿ ಮರದ ನೆನಪು ಮಾತ್ರ ಇರುತ್ತದೆ. 2 ಸೆಕೆಂಡ್ ದಾಟಿದರೆ ಸಾಮಾನ್ಯವಾಗಿ ಬಣ್ಣದ ಗಂಜಿ. ನನ್ನ ಇಷ್ಟ ನಡುವಿನದು. ಕೈಯ ವೇಗವೂ ಇಲ್ಲಿ ಸೇರುತ್ತದೆ, ಅದಕ್ಕೆ ಅಂಕಿಗಳನ್ನು ಕಟ್ಟುನಿಟ್ಟಾಗಿ ಹಿಡಿಯಬೇಡಿ. ಒತ್ತುವ ಮೊದಲೇ ಕೈ ಚಲಿಸುತ್ತಿರಲಿ, ಶಟರ್ ಮುಚ್ಚಿದ ಮೇಲೂ ಒಂದು ಗಳಿಗೆ ಮುಂದುವರಿಯಲಿ. ಆಗ ಗೆರೆ ಎರಡೂ ತುದಿಯಲ್ಲಿ ನಯವಾಗಿರುತ್ತದೆ. ಬೇಕೆಂದೇ ಅರ್ಧ ಹೊತ್ತು ನಿಂತು ಆಮೇಲೆ ಚಲಿಸಿದರೆ ಕಾಂಡದ ಒಂದು ಚೂಪಾದ ನೆರಳು ಉಳಿದು, ಅದರಿಂದ ಬಣ್ಣ ಹರಿದಂತಾಗುತ್ತದೆ. ಅದೂ ಚೆಂದವೇ. ಕ್ಯಾಮೆರಾದ ಅಲುಗಾಟ ತಡೆಯುವ ಸೌಲಭ್ಯವನ್ನು ಆಫ್ ಮಾಡಿ, ಇಲ್ಲದಿದ್ದರೆ ಅದು ನಿಮ್ಮ ಕೈಯ ವಿರುದ್ಧ ಕೆಲಸ ಮಾಡುತ್ತದೆ.

ಪೂರ್ತಿ ಬಿಸಿಲಿನಲ್ಲಿ ಇದೇ ಎಫ್ 16, ಐಎಸ್‌ಒ 100ಕ್ಕೆ ಶಟರ್ 1/100 ಸೆಕೆಂಡಿನ ಆಸುಪಾಸಿಗೆ ಬರುತ್ತದೆ. ಐಸಿಎಂಗೆ ಅದು ತೀರಾ ವೇಗ. ಆಗ ಲೆನ್ಸ್ ಮುಂದೆ ಎನ್‌ಡಿ ಫಿಲ್ಟರ್ ಹಾಕುತ್ತಾರೆ, ಕ್ಯಾಮೆರಾಕ್ಕೆ ಹಾಕುವ ತಂಪು ಕನ್ನಡಕ ಅದು. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು. 4 ಸ್ಟಾಪ್‌ನ ಫಿಲ್ಟರ್ ಬೆಳಕನ್ನು 16ರಲ್ಲಿ ಒಂದು ಪಾಲಿಗೆ ಇಳಿಸುತ್ತದೆ, 1/100 ಇದ್ದದ್ದು 1/6 ಆಗುತ್ತದೆ. ಫಿಲ್ಟರ್ ಇಲ್ಲವೆಂದು ಅಪರ್ಚರ್ ಅನ್ನು ಎಫ್ 22ಕ್ಕೆ ಒಯ್ದರೆ ಒಂದು ಕಿರಿಕಿರಿ ಕಾದಿರುತ್ತದೆ. ಸೆನ್ಸರ್ ಮೇಲೆ ಕುಳಿತ ಧೂಳು. ಇಡೀ ದೃಶ್ಯ ರೇಷ್ಮೆಯಂತೆ ಜಾರಿರುತ್ತದೆ, ಅದರ ನಡುವೆ ಕೆಲವು ಬೂದು ಚುಕ್ಕೆಗಳು ಮಾತ್ರ ಸ್ಥಿರವಾಗಿ ನಿಂತಿರುತ್ತವೆ. ಕ್ಯಾಮೆರಾ ಜೊತೆ ಧೂಳೂ ಚಲಿಸುತ್ತದಲ್ಲ, ಅದಕ್ಕೆ ಅದು ಮಸುಕಾಗುವುದೇ ಇಲ್ಲ! ಸಣ್ಣ ಅಪರ್ಚರ್‌ನಲ್ಲಿ ಧೂಳಿನ ನೆರಳು ಇನ್ನೂ ಗಟ್ಟಿಯಾಗಿ ಬೀಳುತ್ತದೆ. ಹೊರಡುವ ಮೊದಲು ಸೆನ್ಸರ್ ಒರೆಸಿಕೊಳ್ಳುವುದು ಒಳ್ಳೆಯದು.

ಇದನ್ನೆಲ್ಲ ಕಂಪ್ಯೂಟರಿನಲ್ಲೇ ಮಾಡಬಹುದಲ್ಲ ಅಂದರೆ, ಮಾಡಬಹುದು. ಆದರೆ ಒಂದು ವ್ಯತ್ಯಾಸ ಕಾಣುತ್ತದೆ. ಸಾಧಾರಣ ಫೋಟೋದಲ್ಲಿ ನೀರಿನ ಮೇಲಿನ ಮಿನುಗು ಬಿಳಿಯ ಮಿತಿಗೆ ಬಡಿದು ನಿಂತುಬಿಟ್ಟಿರುತ್ತದೆ. ಆಮೇಲೆ ಅದನ್ನು ಎಳೆದರೆ ಪೇಲವ ಬೂದಾಗುತ್ತದೆ. ಶಟರ್ ತೆರೆದಿದ್ದಾಗಲೇ ಎಳೆದರೆ ಆ ಮಿನುಗಿನ ನಿಜವಾದ ಬಲ ಪೂರ್ತಿ ಗೀರಿಗೆ ಹಂಚಿಕೆಯಾಗಿ ಗೆರೆ ಹೊಳೆಯುತ್ತದೆ. ಜೊತೆಗೆ ಕೈಯ ಸಣ್ಣ ನಡುಕವೂ ಸೇರಿರುತ್ತದೆ. ಗೆರೆಗೆ ಜೀವ ಬರುವುದು ಆ ನಡುಕದಿಂದ.

ಒಂದರ ಮೇಲೊಂದು

ಬಹು ಎಕ್ಸ್‌ಪೋಶರ್ ಅಂದರೆ ಹಲವು ಕ್ಷಣಗಳನ್ನು ಒಂದೇ ಚೌಕಟ್ಟಿನಲ್ಲಿ ಸೇರಿಸುವುದು. ಒಂಟಿ ಮರದ ಸುತ್ತ ಒಂದು ಸುತ್ತು ನಡೆಯುತ್ತಾ 8 ಫೋಟೋ ತೆಗೆದು ಒಂದರ ಮೇಲೊಂದು ಕೂಡಿಸಿದರೆ, ಕಾಂಡ ನಡುವೆ ಗಟ್ಟಿಯಾಗಿ ನಿಂತು, ಸುತ್ತ ಕೊಂಬೆಗಳು ಸೀಸದ ಕಡ್ಡಿಯಲ್ಲಿ ಗೀಚಿದಂತೆ ಹರಡುತ್ತವೆ. ಮರದ ಎಲ್ಲ ಮಗ್ಗುಲೂ ಒಟ್ಟಿಗೆ ಕಂಡಂತೆ.

ಲೆಕ್ಕ ಸುಲಭ. ಬೆಳಕು ಸುಮ್ನೆ ಕೂಡುತ್ತಾ ಹೋಗುವ ಕ್ಯಾಮೆರಾ ಆದರೆ, 4 ಫೋಟೋ ಸೇರಿಸುವಾಗ ಪ್ರತಿಯೊಂದಕ್ಕೂ ಕಾಲುಭಾಗ ಬೆಳಕು ಸಾಕು, ಅಂದರೆ 2 ಸ್ಟಾಪ್ ಕಡಿಮೆ. 8 ಆದರೆ 3 ಸ್ಟಾಪ್. ಸರಾಸರಿ ತೆಗೆಯುವ ಸೌಲಭ್ಯವಿದ್ದರೆ ಈ ಲೆಕ್ಕ ಕ್ಯಾಮೆರಾವೇ ನೋಡಿಕೊಳ್ಳುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಇನ್ನೆರಡು ಆಯ್ಕೆ ಇರುತ್ತದೆ. ಒಂದು ಪ್ರತಿ ಜಾಗದಲ್ಲೂ ಹೆಚ್ಚು ಬೆಳಕಿನದನ್ನು ಉಳಿಸಿಕೊಳ್ಳುತ್ತದೆ, ಇನ್ನೊಂದು ಹೆಚ್ಚು ಕಪ್ಪಾದದ್ದನ್ನು. ಬಿಳಿ ಆಕಾಶದ ಎದುರಿನ ಬೋಳು ಕೊಂಬೆಗಳಿಗೆ ಕಪ್ಪು ಉಳಿಸುವುದೇ ಸರಿ, ಎಲ್ಲ ಕೊಂಬೆಗಳೂ ಬಂದು ಕೂರುತ್ತವೆ. ಬೆಳಕು ಉಳಿಸುವುದನ್ನು ಆರಿಸಿದರೆ ಆಕಾಶ ಎಲ್ಲವನ್ನೂ ಅಳಿಸಿಬಿಡುತ್ತದೆ.

ನೀರು ತಾನೇ ಮಾಡಿಕೊಡುವ ಕೆಲಸ

ಯಾವ ತಂತ್ರವೂ ಬೇಡ, ಸುಮ್ನೆ ನೋಡಿದರೆ ಸಾಕು ಅನ್ನುವವರಿಗೆ ನೀರಿನ ಪ್ರತಿಬಿಂಬಕ್ಕಿಂತ ಒಳ್ಳೆಯ ಗುರು ಇಲ್ಲ. ಸಂಜೆ ಹೊತ್ತು, ಎದುರು ದಡಕ್ಕೆ ಬಿಸಿಲು ಬಿದ್ದಿದೆ, ನೀರು ನೆರಳಲ್ಲಿದೆ ಅಂತಿಟ್ಟುಕೊಳ್ಳಿ. ಸಣ್ಣ ಅಲೆಗಳ ಮೇಲೆ ಹೊನ್ನು ಮತ್ತು ನೀಲಿ ಬಣ್ಣ ಹೆಣೆದುಕೊಂಡಿರುತ್ತವೆ. ಪ್ರತಿ ಅಲೆಗೂ ಹಲವು ಇಳಿಜಾರು. ಒಂದು ಕಡೆ ಬಿಸಿಲಿನ ದಡವನ್ನು ತೋರಿಸುತ್ತದೆ, ಇನ್ನೊಂದು ಕಡೆ ತಲೆಯ ಮೇಲಿನ ಆಕಾಶವನ್ನು. 1/500 ಸೆಕೆಂಡಿನಲ್ಲಿ ತೆಗೆದರೆ ಇವು ಕರಗಿದ ಗಾಜಿನ ಚೂರುಗಳಂತೆ ಬೇರೆ ಬೇರೆಯಾಗಿ ನಿಲ್ಲುತ್ತವೆ. ಬರಿಗಣ್ಣಿಗೆ ಈ ಆಕಾರಗಳು ಕಾಣುವುದೇ ಇಲ್ಲ, ಅಷ್ಟು ಬೇಗ ಬದಲಾಗುತ್ತವೆ. ದಡ, ಕಲ್ಲು, ತೇಲುವ ಎಲೆ ಯಾವುದೂ ಚೌಕಟ್ಟಿನೊಳಗೆ ಬಾರದಂತೆ ನೋಡಿಕೊಳ್ಳಿ. ಒಂದೇ ಒಂದು ಎಲೆ ಬಂದರೂ 'ಓ, ಕೆರೆ' ಅಂತ ಮನಸ್ಸು ತೀರ್ಮಾನಿಸಿಬಿಡುತ್ತದೆ.

ಪ್ರತಿಬಿಂಬದ ಫೋಕಸ್ ಎಲ್ಲಿರುತ್ತದೆ ಅನ್ನುವುದು ಹಲವರನ್ನು ಕಾಡುವ ವಿಷಯ. ಅದು ನೀರಿನ ಮೇಲ್ಮೈಯಲ್ಲಿ ಇರುವುದಿಲ್ಲ. ಕ್ಯಾಮೆರಾದಿಂದ ನೀರಿಗೆ ಇರುವ ದೂರ, ಅದಕ್ಕೆ ನೀರಿನಿಂದ ಆ ಮರಕ್ಕೆ ಇರುವ ದೂರ, ಎರಡನ್ನೂ ಕೂಡಿಸಿದಷ್ಟು ಆಚೆಗಿರುತ್ತದೆ. ಹಾಗಾಗಿ ಅಲೆಯ ಮೇಲೆ ಫೋಕಸ್ ಮಾಡಿದರೆ ಆಕಾರ ಚೂಪಾಗಿ ಬಣ್ಣ ಮೆದುವಾಗುತ್ತದೆ, ಮರದ ಪ್ರತಿಬಿಂಬದ ಮೇಲೆ ಮಾಡಿದರೆ ಬೇರೆಯದೇ ಚಿತ್ರ. ಎರಡೂ ತೆಗೆದುಕೊಳ್ಳಿ. ಪೋಲರೈಸರ್ ಫಿಲ್ಟರ್ ತಿರುಗಿಸಿದರೆ ಪ್ರತಿಬಿಂಬ ಕಡಿಮೆಯಾಗುತ್ತದೆ ಅನ್ನುವುದು ನೆನಪಿರಲಿ, ಬಣ್ಣ ಬೇಕಾದಾಗ ಅದನ್ನು ತೆಗೆದಿಡಬೇಕು.

ಇದೇ ನೀರಿಗೆ ಉದ್ದನೆಯ ಶಟರ್ ಕೊಟ್ಟರೆ ಇನ್ನೊಂದು ಲೋಕ. 10 ಸ್ಟಾಪ್‌ನ ಎನ್‌ಡಿ ಫಿಲ್ಟರ್ ಬೆಳಕನ್ನು ಸುಮಾರು 1000ದಲ್ಲಿ ಒಂದು ಪಾಲಿಗೆ ಇಳಿಸುತ್ತದೆ. 1/30 ಸೆಕೆಂಡ್ ಇದ್ದದ್ದು 34 ಸೆಕೆಂಡ್ ಆಗಿ, ಕಡಲು ಹಾಲಿನ ಮಂಜಾಗುತ್ತದೆ. ಆ ಮಂಜನ್ನು ನಾವೆಲ್ಲ ಸಾಕಷ್ಟು ನೋಡಿದ್ದೇವೆ. 1/2ರಿಂದ 1 ಸೆಕೆಂಡ್ ನನಗೆ ಹೆಚ್ಚು ಇಷ್ಟ. ಅಲೆ ಹಿಂದೆ ಸರಿಯುವಾಗ ಎಳೆದುಕೊಂಡು ಹೋಗುವ ಬಿಳಿ ದಾರಗಳು ಆಗ ಉಳಿಯುತ್ತವೆ.

ಕಣ್ಣಿಗೆ ಕಾಣದ ಬೆಳಕಿನ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1910ರಲ್ಲಿ ರಾಬರ್ಟ್ ವುಡ್ ಎಂಬ ಭೌತವಿಜ್ಞಾನಿ ಇನ್‌ಫ್ರಾರೆಡ್ ಬೆಳಕಿನಲ್ಲಿ ತೆಗೆದ ಭೂದೃಶ್ಯಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಹಸಿರೆಲೆ ಹಿಮದಷ್ಟು ಬಿಳಿ, ನೀಲಿ ಆಕಾಶ ಕಪ್ಪು. ಎಲೆಯ ಒಳಗಿನ ರಚನೆ ಇನ್‌ಫ್ರಾರೆಡ್ ಬೆಳಕನ್ನು ಜೋರಾಗಿ ಹಿಂದಕ್ಕೆ ಚೆಲ್ಲುತ್ತದೆ, ಗಾಳಿ ಅದನ್ನು ತೀರಾ ಕಡಿಮೆ ಚದುರಿಸುತ್ತದೆ. ಇಲ್ಲಿ ತೆಗೆದುಹಾಕಿದ್ದು ನಮಗೆ ಪರಿಚಯವಿರುವ ಬಣ್ಣವನ್ನು.

ಇನ್ನೂರರಲ್ಲಿ ಯಾವುದು?

ಈ ಬಗೆಯ ಫೋಟೋಗ್ರಫಿಯಲ್ಲಿ ಒಂದು ಬೆಳಗ್ಗೆ ಇನ್ನೂರು ಫ್ರೇಮ್ ಆಗುವುದು ಸಾಮಾನ್ಯ. ಅದರಲ್ಲಿ ಎರಡು ಉಳಿದರೆ ಒಳ್ಳೆಯ ದಿನ. ಆರಿಸುವುದು ತೆಗೆಯುವುದಕ್ಕಿಂತ ಕಷ್ಟ. ಹಕ್ಕಿಯ ಫೋಟೋ ಆದರೆ ಕಣ್ಣು ಚೂಪಾಗಿದೆಯೇ ಅಂತ ನೋಡಬಹುದು. ಇಲ್ಲಿ ಅಂಥ ಅಳತೆಗೋಲಿಲ್ಲ.

ನಾನು ಮೊದಲು ಎಲ್ಲವನ್ನೂ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿ ಒಟ್ಟಿಗೆ ನೋಡುತ್ತೇನೆ. ಅಷ್ಟು ಚಿಕ್ಕದರಲ್ಲೂ ಒಂದು ಗಟ್ಟಿ ಆಕಾರ ಕಂಡರೆ ಆ ಚಿತ್ರಕ್ಕೆ ಮೈಕಟ್ಟು ಇದೆ ಎಂದರ್ಥ. ಆಮೇಲೆ ತಲೆಕೆಳಗು ಮಾಡುತ್ತೇನೆ. ತಲೆಕೆಳಗಾದಾಗ ಮರ, ನೀರು ಅನ್ನುವ ಕೊನೆಯ ಹಿಡಿತವೂ ಬಿಟ್ಟುಹೋಗಿ, ಎಲ್ಲಿ ಭಾರ ಜಾಸ್ತಿ, ಎಲ್ಲಿ ಖಾಲಿ ಅಂತ ಥಟ್ಟನೆ ತಿಳಿಯುತ್ತದೆ. ಬಣ್ಣ ಚೆನ್ನಾಗಿದ್ದು ಕಣ್ಣಿಗೆ ನಿಲ್ಲಲು ಜಾಗವಿಲ್ಲದ ಚಿತ್ರಗಳು ಬಹಳ ಇರುತ್ತವೆ. ಅವು ಸೀರೆಯ ಬಟ್ಟೆಯಂತೆ ಚೆಂದ, ಅಷ್ಟೇ. ಅವನ್ನು ಬಿಡುವಾಗ ಬೇಜಾರಾಗುತ್ತದೆ, ಆದರೂ ಬಿಡುತ್ತೇನೆ. ಒಂದು ವಾರ ಬಿಟ್ಟು ಮತ್ತೆ ನೋಡಿದಾಗ ತೆಗೆದ ಬೆಳಗಿನ ಖುಷಿ ಇಳಿದಿರುತ್ತದೆ, ಚಿತ್ರವೊಂದೇ ಎದುರಿಗಿರುತ್ತದೆ. ಆಗಲೂ ಕಣ್ಣು ನಿಂತರೆ ಇಟ್ಟುಕೊಳ್ಳುತ್ತೇನೆ.

ಉಳಿದವಕ್ಕೆ ಶೀರ್ಷಿಕೆ ಕೊಡಬೇಕಾಗಿ ಬಂದಾಗ ತುಂಬಾ ಹೊತ್ತು ಯೋಚಿಸುತ್ತೇನೆ. 'ಮಂಜಿನಲ್ಲಿ ಮರಗಳು' ಅಂತ ಬರೆದರೆ, ಅಷ್ಟು ಕಷ್ಟಪಟ್ಟು ತೆಗೆದುಹಾಕಿದ್ದ ಹೆಸರನ್ನು ನಾನೇ ವಾಪಸ್ ತಂದಿಟ್ಟಂತೆ. ಅದಕ್ಕೆ ಪ್ರಿಂಟಿನ ಹಿಂದೆ ತಾರೀಖು, ಹೊತ್ತು, ಶಟರ್ ವೇಗ ಮಾತ್ರ ಪೆನ್ಸಿಲ್ಲಿನಲ್ಲಿ ಬರೆದಿಡುತ್ತೇನೆ. ನೋಡಿದವರು 'ಇದು ಏನು?' ಅಂತ ಕೇಳುತ್ತಾರೆ. ನಾನು ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಅವರು ಮತ್ತೆ ಚಿತ್ರದ ಕಡೆ ತಿರುಗುತ್ತಾರೆ.